ಆ್ಯಂಗ್ರಿ ವಿತ್, ಗುಡ್ ಆ್ಯಟ್, ಸೀನಿಯರ್ ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲಿಷಿನ ಗುಣವಾಚಕಗಳ ಬೆನ್ನಿಗೆ ಬರುವ ಪ್ರಿಪೊಸಿಷನ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಓದುವ ಮುನ್ನ ಒಂದು ಸೂಚನೆ: ಕನ್ನಡ ಲಿಪಿಯಲ್ಲಿ 'ಆಫ್' ಎಂದು ಬರೆದರೆ ಅದು ಒಂದು ಎಫ್‌ನ ಪದವೋ ಎರಡು ಎಫ್‌ನದೋ ಗೊತ್ತಾಗುವುದಿಲ್ಲ. ಬೇರೆ ಹೇಳದಿದ್ದರೆ ಈ ಪುಟಗಳ 'ಆಫ್' ಒಂದೇ ಎಫ್‌ನದು.

ಪ್ರಶ್ನೆ: ನಮ್ಮ ಮ್ಯಾನೇಜರ್ ನನ್ನ ಮ್ಯಾಲ ಸಿಟ್ಟಾಗ್ಯಾರ ಅನ್ನೂದಕ್ಕ 'ಹೀ ಈಸ್ ಆ್ಯಂಗ್ರಿ ಆನ್ ಮಿ' ಅಂತ ಗೆಳೆಯಗ ಮೆಸೇಜ್ ಹಾಕಿದ್ದೆ. 'ಆನ್' ತಪ್ಪು ಅಂದ. ಸಿಟ್ಟು ಮ್ಯಾಲೇ ಬರ್ತೈತಲ್ಲ, ಮತ್ತ ಹೆಂಗ ತಪ್ಪು?
— ಖಾಸಗಿ ಕಂಪನಿ ನೌಕರ, ಹುಬ್ಬಳ್ಳಿ

ಉತ್ತರ: ಕನ್ನಡದಲ್ಲಿ ಸಿಟ್ಟು 'ಮೇಲೆ' ಬರುತ್ತದೆ. ಇಂಗ್ಲಿಷಿನಲ್ಲಿ ವ್ಯಕ್ತಿಯಾದರೆ 'ವಿತ್' ಅಥವಾ 'ಆ್ಯಟ್', ವಿಷಯವಾದರೆ 'ಅಬೌಟ್'. ನಿಮ್ಮ ಮೆಸೇಜ್ 'ಹೀ ಈಸ್ ಆ್ಯಂಗ್ರಿ ವಿತ್ ಮಿ' ಎಂದಿರಬೇಕಿತ್ತು. ಕೆಲಸ ತಡವಾಗಿದ್ದಕ್ಕೆ ಸಿಟ್ಟು ಎನ್ನುವುದಾದರೆ 'ಹೀ ಈಸ್ ಆ್ಯಂಗ್ರಿ ಅಬೌಟ್ ದ ಡಿಲೇ'. ಎರಡನ್ನೂ ಸೇರಿಸಬೇಕಾದರೆ 'ಹೀ ಈಸ್ ಆ್ಯಂಗ್ರಿ ವಿತ್ ಮಿ ಫಾರ್ ಕಮಿಂಗ್ ಲೇಟ್'. ಒಂದೇ ಗುಣವಾಚಕಕ್ಕೆ ಇಲ್ಲಿ ಎರಡು ಪ್ರಿಪೊಸಿಷನ್ ಬಂದಿವೆ. ಯಾರ ಮೇಲೆ ಎಂಬುದನ್ನು 'ವಿತ್' ಹೇಳುತ್ತದೆ, ಯಾಕೆ ಎಂಬುದನ್ನು 'ಫಾರ್'.

ಈ ತಪ್ಪು ಬಂದ ದಾರಿಯನ್ನು ಸ್ವಲ್ಪ ನೋಡಬೇಕು, ಯಾಕೆಂದರೆ ಈ ಪುಟದ ಅರ್ಧಕ್ಕರ್ಧ ಪ್ರಶ್ನೆಗಳು ಅದೇ ದಾರಿಯಲ್ಲಿ ಬಂದಿವೆ. ನಾವು ಮೊದಲು ಕನ್ನಡದ ವಿಭಕ್ತಿಯನ್ನು ಹಿಡಿಯುತ್ತೇವೆ, ಆಮೇಲೆ ಅದಕ್ಕೆ ಶಾಲೆಯಲ್ಲಿ ಕಲಿತ ಒಂದೊಂದು ಇಂಗ್ಲಿಷ್ ಪದ ಅಂಟಿಸುತ್ತೇವೆ: 'ಮೇಲೆ'ಗೆ ಆನ್, 'ಅಲ್ಲಿ'ಗೆ ಇನ್, 'ಗೆ'ಗೆ ಟು, 'ಇಂದ'ಕ್ಕೆ ಫ್ರಮ್, 'ಜೊತೆ'ಗೆ ವಿತ್, 'ಬಗ್ಗೆ'ಗೆ ಅಬೌಟ್. ವಸ್ತು ಎಲ್ಲಿದೆ ಎಂದು ಹೇಳುವಾಗ ಈ ಲೆಕ್ಕ ಬಹುಪಾಲು ನಡೆಯುತ್ತದೆ. ಪುಸ್ತಕ ಮೇಜಿನ ಮೇಲಿದ್ದರೆ ಅದು 'ಆನ್' ಸರಿಯೇ. ಆದರೆ ಮನಸ್ಸಿನ ಸ್ಥಿತಿ, ಸಾಮರ್ಥ್ಯ, ಸಂಬಂಧಗಳನ್ನು ಹೇಳುವಾಗ ಪ್ರಿಪೊಸಿಷನ್ ಯಾವುದೆಂದು ತೀರ್ಮಾನಿಸುವುದು ಅದಕ್ಕಿಂತ ಮೊದಲು ಬಂದ ಗುಣವಾಚಕ, ನಮ್ಮ ವಿಭಕ್ತಿ ಅಲ್ಲ. 'ಮೇಲೆ' ಒಂದನ್ನೇ ತೆಗೆದುಕೊಳ್ಳಿ. ಮಗುವಿನ ಮೇಲೆ ಅಕ್ಕರೆ ಎಂದರೆ 'ಫಾಂಡ್ ಆಫ್ ದ ಚೈಲ್ಡ್'. ಪಕ್ಕದ ಮನೆಯವರ ಮೇಲೆ ಹೊಟ್ಟೆಕಿಚ್ಚು ಎಂದರೆ 'ಜೆಲಸ್ ಆಫ್ ದ ನೇಬರ್ಸ್'. ಅವನ ಮೇಲೆ ಅನುಮಾನ, 'ಸಸ್ಪಿಶಸ್ ಆಫ್ ಹಿಮ್'. ಮೂರರಲ್ಲೂ 'ಆನ್' ಸುಳಿಯಲಿಲ್ಲ.

ಹಾಗೆಂದು 'ಆನ್' ಯಾವಾಗಲೂ ತಪ್ಪು ಎಂದುಕೊಳ್ಳಬೇಡಿ. 'ಡಿಪೆಂಡೆಂಟ್ ಆನ್', 'ಕೀನ್ ಆನ್' ಇವೆ. ಹುಡುಗನ ಮೇಲೆ ಅಷ್ಟು ಬಿಗಿ ಮಾಡಬೇಡಿ ಎನ್ನಲು 'ಡೋಂಟ್ ಬಿ ಸೋ ಹಾರ್ಡ್ ಆನ್ ದ ಬಾಯ್' ಎನ್ನುತ್ತಾರೆ, ಅದೇ ಅರ್ಥದ 'ಸ್ಟ್ರಿಕ್ಟ್' ಮಾತ್ರ 'ವಿತ್' ಬೇಡುತ್ತದೆ. 'ಡಿಪೆಂಡೆಂಟ್ ಆನ್' ಚೆನ್ನಾಗಿ ಗೊತ್ತಿದ್ದವರೂ ಅದರ ವಿರುದ್ಧ ಪದದಲ್ಲಿ ಎಡವುತ್ತಾರೆ. 'ಇಂಡಿಪೆಂಡೆಂಟ್' ಆದ ಕೂಡಲೇ 'ಆನ್' ಹೋಗಿ 'ಆಫ್' ಬರುತ್ತದೆ: 'ಶೀ ಈಸ್ ಇಂಡಿಪೆಂಡೆಂಟ್ ಆಫ್ ಹರ್ ಪೇರೆಂಟ್ಸ್'.

ಪ್ರಶ್ನೆ: ರೆಸ್ಯೂಮೆಯಲ್ಲಿ 'ಐ ಆಮ್ ಗುಡ್ ಇನ್ ಅಕೌಂಟ್ಸ್' ಎಂದು ಹಾಕಿದ್ದೇನೆ. ಕಾಲೇಜಿನ ಸೀನಿಯರ್ ಒಬ್ಬರು 'ಗುಡ್ ಆ್ಯಟ್' ಮಾಡು ಎಂದರು. ನಮ್ಮ ಮಾವ 'ಗುಡ್ ವಿತ್ ನಂಬರ್ಸ್' ಚೆನ್ನಾಗಿರುತ್ತೆ ಅಂತಾರೆ. ಯಾವುದನ್ನು ಉಳಿಸಿಕೊಳ್ಳಲಿ?
— ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸೀನಿಯರ್ ಹೇಳಿದ್ದೂ ಸರಿ, ಮಾವ ಹೇಳಿದ್ದೂ ಸರಿ. ರೆಸ್ಯೂಮೆಗೆ ಬೇಕಾದದ್ದು ಮಾತ್ರ ಇವೆರಡೂ ಅಲ್ಲ. ಅದಕ್ಕೆ ಕೊನೆಯಲ್ಲಿ ಬರೋಣ.

ಕೌಶಲ ಹೇಳುವ 'ಗುಡ್' ನಂತರ 'ಆ್ಯಟ್' ಬರುತ್ತದೆ. ಅದರ ಬಳಗದ 'ಬ್ಯಾಡ್', 'ಬ್ರಿಲಿಯಂಟ್', 'ಎಕ್ಸಲೆಂಟ್', 'ಹೋಪ್‌ಲೆಸ್', 'ಕ್ವಿಕ್', 'ಸ್ಲೋ' ಇವಕ್ಕೂ ಅದೇ. 'ಶೀ ಈಸ್ ಗುಡ್ ಆ್ಯಟ್ ಕ್ಯಾರಂ', 'ಐ ಆಮ್ ಹೋಪ್‌ಲೆಸ್ ಆ್ಯಟ್ ಡ್ರಾಯಿಂಗ್'. ಗಣಿತದಲ್ಲಿ ಚುರುಕು ಎಂಬ ಸಪ್ತಮಿ ನಮ್ಮನ್ನು 'ಇನ್' ಕಡೆ ಎಳೆಯುತ್ತದೆ. 'ಗುಡ್ ಇನ್ ಮ್ಯಾಥ್ಸ್' ಎಂದರೆ ಯಾರೂ ನಗುವುದಿಲ್ಲ, ಶಾಲೆಯ ವಿಷಯಗಳಿಗೆ ಆ ಬಳಕೆ ಕಿವಿಗೆ ಬೀಳುತ್ತಲೇ ಇರುತ್ತದೆ. 'ವೀಕ್ ಇನ್ ಸೈನ್ಸ್' ಅಂತೂ ಪೂರ್ತಿ ಒಪ್ಪಿತ. ಆದರೆ ವಿಷಯದ ಬದಲು ಕೆಲಸ ಬಂದರೆ 'ಇನ್' ಎದ್ದು ಕಾಣುವ ತಪ್ಪು. 'ಗುಡ್ ಇನ್ ಕುಕಿಂಗ್' ಅಲ್ಲ, 'ಗುಡ್ ಆ್ಯಟ್ ಕುಕಿಂಗ್'. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಎಂದು ಬಂದರೆ ಎರಡು ಕಡೆಯೂ 'ಆ್ಯಟ್' ಬರೆಯಿರಿ.

'ವಿತ್' ಬಂದರೆ ಅರ್ಥ ಕೊಂಚ ಸರಿಯುತ್ತದೆ: ನಿಭಾಯಿಸುವ ಹದ ಗೊತ್ತು, ಕೈ ಪಳಗಿದೆ ಎಂದು. 'ಗುಡ್ ವಿತ್ ಚಿಲ್ಡ್ರನ್' ಎಂದರೆ ಮಕ್ಕಳು ಅವರ ಹತ್ತಿರ ಹಟ ಮಾಡುವುದಿಲ್ಲ. 'ಗುಡ್ ವಿತ್ ಹಿಸ್ ಹ್ಯಾಂಡ್ಸ್' ಎಂದರೆ ಮರಗೆಲಸವೋ ರಿಪೇರಿಯೋ ಅವನಿಗೆ ಸಲೀಸು. 'ಫಾರ್' ಬಂದರೆ ಕೌಶಲದ ಮಾತೇ ಇಲ್ಲ, ಲಾಭದ ಮಾತು: 'ರಾಗಿ ಈಸ್ ಗುಡ್ ಫಾರ್ ಯೂ'. 'ಟು' ಬಂದರೆ ನಡೆದುಕೊಳ್ಳುವ ರೀತಿ. 'ಹರ್ ಮದರ್-ಇನ್-ಲಾ ಈಸ್ ಗುಡ್ ಟು ಹರ್', ಅಂದರೆ ಅತ್ತೆ ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇಲ್ಲಿ 'ಟು' ತೆಗೆದು 'ಫಾರ್' ಹಾಕಿದರೆ ಅತ್ತೆ ಇರುವುದು ಸೊಸೆಯ ಒಳ್ಳೆಯದಕ್ಕೇ ಎಂದಾಗುತ್ತದೆ, ಅದು ಬೇರೆಯೇ ಸಂಗತಿ. ಇನ್ನು 'ಇಟ್ ವಾಸ್ ಗುಡ್ ಆಫ್ ಯೂ ಟು ಕಮ್' ಎಂಬಲ್ಲಿ 'ಆಫ್' ಬರುವುದು ಮಾಡಿದವರ ಗುಣ ಹೇಳಲಿಕ್ಕೆ: ಬಂದದ್ದು ನಿಮ್ಮ ದೊಡ್ಡತನ. 'ಕೈಂಡ್ ಆಫ್ ಯೂ', 'ನೈಸ್ ಆಫ್ ಹರ್', 'ಸಿಲ್ಲಿ ಆಫ್ ಮಿ' ಎಲ್ಲ ಇದೇ ಅಚ್ಚಿನವು.

ಈಗ ರೆಸ್ಯೂಮೆ. 'ಗುಡ್' ಎಂಬುದು ಮಾತಿನ ಪದ, ಅರ್ಜಿಯಲ್ಲಿ ತೆಳುವಾಗಿ ಕಾಣುತ್ತದೆ. ಕ್ಷೇತ್ರ ಹೇಳುವ ಗುಣವಾಚಕಗಳನ್ನು ಬಳಸಿ. ನಿಮಗೆ ಬೇಕಾಗಿದ್ದ 'ಇನ್' ಅಲ್ಲಿ ನ್ಯಾಯವಾಗಿಯೇ ಬರುತ್ತದೆ: 'ಎಕ್ಸ್‌ಪೀರಿಯೆನ್ಸ್ಡ್ ಇನ್ ಬುಕ್‌ಕೀಪಿಂಗ್', 'ಪ್ರೊಫಿಶಿಯೆಂಟ್ ಇನ್ ಎಕ್ಸೆಲ್', 'ಫ್ಲೂಯೆಂಟ್ ಇನ್ ಕನ್ನಡ ಆ್ಯಂಡ್ ಇಂಗ್ಲಿಷ್'. ಟ್ಯಾಲಿಯ ಪರಿಚಯವಷ್ಟೇ ಇದ್ದರೆ 'ಫಮಿಲಿಯರ್ ವಿತ್ ಟ್ಯಾಲಿ'. ಇಲ್ಲಿ ದಿಕ್ಕು ತಪ್ಪಬಾರದು. ನನಗೆ ಅದು ಗೊತ್ತು ಎಂದರೆ 'ಐ ಆಮ್ ಫಮಿಲಿಯರ್ ವಿತ್ ಇಟ್', ಅದು ನನಗೆ ಪರಿಚಿತ ಎಂದರೆ 'ಇಟ್ ಈಸ್ ಫಮಿಲಿಯರ್ ಟು ಮಿ'.

ಪ್ರಶ್ನೆ: 'ಮೈ ಸಿಸ್ಟರ್ ಈಸ್ ಮ್ಯಾರೀಡ್ ವಿತ್ ಎ ಡಾಕ್ಟರ್' ಸರಿಯೇ?
— ಓದುಗರು, ತುಮಕೂರು

ಉತ್ತರ: ಅಲ್ಲ. 'ಮ್ಯಾರೀಡ್ ಟು ಎ ಡಾಕ್ಟರ್'. ನಿಶ್ಚಿತಾರ್ಥವಾಗಿದ್ದರೂ 'ಎಂಗೇಜ್ಡ್ ಟು'. 'ಮ್ಯಾರೀಡ್ ವಿತ್' ಕಾಣುವುದು 'ಮ್ಯಾರೀಡ್ ವಿತ್ ಟೂ ಚಿಲ್ಡ್ರನ್' ಎಂಬಂಥ ಕಡೆ: ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದರ್ಥ. ವರಾನ್ವೇಷಣೆಯ ಜಾಹೀರಾತು ಬರೆಯುವವರು ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಪ್ರಶ್ನೆ: ವಿದೇಶದ ಆಸ್ಪತ್ರೆಗೆ ಆನ್‌ಲೈನ್ ಸಂದರ್ಶನವಿದೆ. ನೈಟ್ ಶಿಫ್ಟ್ ರೂಢಿ ಇದೆ ಎನ್ನಲು 'ಐ ಆಮ್ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್' ಎಂದು ಬರೆದುಕೊಂಡಿದ್ದೇನೆ. ತರಬೇತಿ ಕೊಡುವವರು 'ವರ್ಕಿಂಗ್' ಎನ್ನಬೇಕು ಅಂತಾರೆ. 'ಟು' ಆದಮೇಲೆ ಐಎನ್‌ಜಿ ಹೇಗೆ ಬರುತ್ತದೆ?
— ಸ್ಟಾಫ್ ನರ್ಸ್, ಮಂಗಳೂರು

ಉತ್ತರ: ನಿಮ್ಮ ತರಬೇತುದಾರರು ಹೇಳಿದ್ದು ಸರಿ. ಈ ತಪ್ಪು ಬರೀ ವ್ಯಾಕರಣದ್ದಲ್ಲ, ಸಂದರ್ಶನದಲ್ಲಿ ಅರ್ಥವನ್ನೇ ಬುಡಮೇಲು ಮಾಡಬಲ್ಲದು. 'ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್' ಎಂದರೆ ಮೊದಲು ಮಾಡುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್' ಎಂದರೆ ನನಗೆ ಅದು ರೂಢಿಯಾಗಿದೆ. ನೀವು ಬರೆದುಕೊಂಡಿರುವುದು ಎರಡರ ಮಿಶ್ರಣ. ಗಡಿಬಿಡಿಯಲ್ಲಿ 'ಆಮ್' ನುಂಗಿಹೋದರೆ ಎದುರಿಗಿರುವವರಿಗೆ ಮೊದಲನೆಯ ಅರ್ಥವೇ ಕೇಳಿಸುತ್ತದೆ.

ಇಂಗ್ಲಿಷಿನಲ್ಲಿ ಎರಡು 'ಟು'ಗಳಿವೆ. ಒಂದು ಕ್ರಿಯಾಪದದ ಭಾಗ: 'ಟು ವರ್ಕ್', 'ಟು ಗೋ'. ಇನ್ನೊಂದು ನಿಜವಾದ ಪ್ರಿಪೊಸಿಷನ್. ಪ್ರಿಪೊಸಿಷನ್ ಯಾವುದೇ ಇರಲಿ, ಅದರ ನಂತರ ನಾಮಪದ ಬರಬೇಕು. ಕ್ರಿಯಾಪದ ಬರಲೇಬೇಕಾದರೆ ಅದು ಐಎನ್‌ಜಿ ತೊಟ್ಟು ನಾಮಪದದ ವೇಷದಲ್ಲಿ ಬರಬೇಕು. ಕನ್ನಡದಲ್ಲಿ 'ಮಾಡು' ಎಂಬುದಕ್ಕೆ ನೇರವಾಗಿ 'ಗೆ' ಹಚ್ಚುವುದಿಲ್ಲವಲ್ಲ, 'ಮಾಡುವುದು' ಎಂದು ಮಾಡಿಕೊಂಡು 'ಮಾಡುವುದಕ್ಕೆ' ಎನ್ನುತ್ತೇವೆ. ಇದೂ ಅದೇ ಲೆಕ್ಕ.

ಯಾವ 'ಟು' ಎಂದು ತಿಳಿಯಲು ಅದರ ಮುಂದೆ 'ಇಟ್' ಇಟ್ಟು ನೋಡಿ. 'ಐ ಆಮ್ ಯೂಸ್ಡ್ ಟು ಇಟ್' ಎನ್ನಬಹುದು, ಹಾಗಾಗಿ ಅದು ಪ್ರಿಪೊಸಿಷನ್, ಐಎನ್‌ಜಿ ಬೇಕು. 'ಐ ಆಮ್ ವಿಲ್ಲಿಂಗ್ ಟು ಇಟ್' ಎಂದು ಯಾರೂ ಅನ್ನುವುದಿಲ್ಲ, ಹಾಗಾಗಿ ಅಲ್ಲಿ ಮೂಲ ರೂಪ: 'ವಿಲ್ಲಿಂಗ್ ಟು ವರ್ಕ್'. ಈ ಪರೀಕ್ಷೆಯಲ್ಲಿ 'ಅಕಸ್ಟಮ್ಡ್', 'ಕಮಿಟೆಡ್', 'ಡೆಡಿಕೇಟೆಡ್', 'ಅಪೋಸ್ಡ್' ಐಎನ್‌ಜಿ ಕಡೆ ನಿಲ್ಲುತ್ತವೆ. 'ರೆಡಿ', 'ಏಬಲ್', 'ಈಗರ್', 'ಲೈಕ್ಲಿ' ಮೂಲ ರೂಪದ ಕಡೆ. 'ಕೇಪಬಲ್' ಹತ್ತಿರ ಮಾತ್ರ ಎಚ್ಚರ. ಅರ್ಥದಲ್ಲಿ 'ಏಬಲ್'ನ ಅಣ್ಣತಮ್ಮನಾದರೂ ಅದು 'ಟು'ವನ್ನು ಒಪ್ಪುವುದೇ ಇಲ್ಲ. 'ಕೇಪಬಲ್ ಟು ಹ್ಯಾಂಡಲ್' ಎಂದು ಅರ್ಜಿಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಸರಿಯಾದದ್ದು 'ಕೇಪಬಲ್ ಆಫ್ ಹ್ಯಾಂಡ್ಲಿಂಗ್ ಎಮರ್ಜೆನ್ಸೀಸ್'.

ಕೆಲವು ಗುಣವಾಚಕಗಳು ಎರಡು ದಾರಿಯಲ್ಲೂ ನಡೆಯುತ್ತವೆ, ಅರ್ಥ ಬದಲಾಗುತ್ತದೆ. 'ಅಫ್ರೇಡ್ ಟು ಕ್ಲೈಂಬ್ ದ ಲ್ಯಾಡರ್' ಎಂದರೆ ಹೆದರಿ ಏಣಿ ಹತ್ತಲು ಒಪ್ಪುತ್ತಿಲ್ಲ. 'ಅಫ್ರೇಡ್ ಆಫ್ ಫಾಲಿಂಗ್' ಎಂದರೆ ಬಿದ್ದೇನು ಎಂಬ ಭಯ. ಬೀಳುವುದು ನಾವು ಬೇಕೆಂದು ಮಾಡುವ ಕೆಲಸವಲ್ಲ, ಆದ್ದರಿಂದ ಅಲ್ಲಿ 'ಆಫ್'. ಇನ್ನೂ ಸೊಗಸಾದ ಜೋಡಿ 'ಶೂರ್'ನದು. 'ಹೀ ಈಸ್ ಶೂರ್ ಆಫ್ ವಿನ್ನಿಂಗ್' ಎಂದರೆ ಗೆಲ್ಲುವೆನೆಂಬ ಭರವಸೆ ಅವನಿಗಿದೆ. 'ಹೀ ಈಸ್ ಶೂರ್ ಟು ವಿನ್' ಎಂದರೆ ಭರವಸೆ ಮಾತನಾಡುವವರದು, ಅವನ ಮನಸ್ಸಿನಲ್ಲಿ ಏನಿದೆಯೋ ಅದರ ಸುದ್ದಿಯೇ ಇಲ್ಲ.

ಪ್ರಶ್ನೆ: ನಾನು ಸೇವೆಯಲ್ಲಿ ಸಹೋದ್ಯೋಗಿಗಿಂತ 3 ವರ್ಷ ಹಿರಿಯ. ಮನವಿ ಪತ್ರದಲ್ಲಿ 'ಐ ಆಮ್ ಸೀನಿಯರ್ ದ್ಯಾನ್ ಹಿಮ್' ಎಂದದ್ದನ್ನು ಗುಮಾಸ್ತರು ತಿದ್ದಿದರು. 'ಗಿಂತ' ಎಂದರೆ 'ದ್ಯಾನ್' ತಾನೆ?
— ಪ್ರೌಢಶಾಲಾ ಶಿಕ್ಷಕರು, ಶಿವಮೊಗ್ಗ

ಉತ್ತರ: ಸಾಮಾನ್ಯವಾಗಿ ಹೌದು, ಇಲ್ಲಿ ಅಲ್ಲ. 'ಐ ಆಮ್ ತ್ರೀ ಇಯರ್ಸ್ ಸೀನಿಯರ್ ಟು ಹಿಮ್' ಎಂದು ಬರೆಯಿರಿ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್‌ಫೀರಿಯರ್', 'ಪ್ರಯರ್' ಇವೆಲ್ಲ ಲ್ಯಾಟಿನ್ನಿನಿಂದ ಬಂದವು. ಕೊನೆಯಲ್ಲಿರುವ ಐ-ಓ-ಆರ್ ಅಲ್ಲಿಯ ತುಲನೆಯ ಪ್ರತ್ಯಯ. ಹೋಲಿಕೆ ಪದದೊಳಗೇ ಅಡಗಿರುವುದರಿಂದ ಇವು ಇಂಗ್ಲಿಷಿನ 'ದ್ಯಾನ್' ಕೇಳದೆ 'ಟು' ಕೇಳುತ್ತವೆ. 'ಪ್ರಿಫರಬಲ್' ರೂಪದಲ್ಲಿ ಬೇರೆಯಾದರೂ ಅದಕ್ಕೂ 'ಟು'. ಆದರೆ 'ಸೀನಿಯರ್' ಹಿಂದೆ 'ಮೋರ್' ಸೇರಿಸಿದರೆ 'ದ್ಯಾನ್' ಬರುತ್ತದೆ: 'ಎ ಮೋರ್ ಸೀನಿಯರ್ ಆಫೀಸರ್ ದ್ಯಾನ್ ಹಿಮ್'. ಎರಡನ್ನೂ ಬೆರೆಸಿ 'ಮೋರ್ ಸೀನಿಯರ್ ಟು' ಎನ್ನಬೇಡಿ.

ಇದೇ ಜಾಡಿನಲ್ಲಿ ನಮ್ಮಲ್ಲಿ ಹುಟ್ಟಿಕೊಂಡ ಮತ್ತೊಂದು ತಪ್ಪು 'ಎಲ್ಡರ್ ಟು ಮಿ'. 'ಸೀನಿಯರ್ ಟು' ನೋಡಿ 'ಎಲ್ಡರ್'ಗೂ 'ಟು' ಹಚ್ಚಿದ್ದು. 'ಎಲ್ಡರ್' ನಾಮಪದದ ಮೊದಲು ಮಾತ್ರ ಬರುತ್ತದೆ: 'ಮೈ ಎಲ್ಡರ್ ಸಿಸ್ಟರ್'. ವಾಕ್ಯದಲ್ಲಿ ಹೋಲಿಸುವಾಗ 'ಶೀ ಈಸ್ ಓಲ್ಡರ್ ದ್ಯಾನ್ ಮಿ'.

ಪ್ರಶ್ನೆ: 'ಐ ಆಮ್ ಇಂಟರೆಸ್ಟಿಂಗ್ ಇನ್ ಕ್ರಿಕೆಟ್' ಎಂದು ಮಗ ಬರೆದ. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ, ಕಾರಣ ಬರೆದಿಲ್ಲ. 'ಇನ್' ಸರಿ ಇದೆಯಲ್ಲ?
— ಪೋಷಕರು, ಹಾಸನ

ಉತ್ತರ: 'ಇನ್' ಸರಿ ಇದೆ, ಅದರ ಹಿಂದಿನದು ತಪ್ಪಿದೆ. ಕನ್ನಡದಲ್ಲಿ ಇಂಥ ಭಾವಗಳೆಲ್ಲ ಚತುರ್ಥಿಯಲ್ಲಿ ಬರುತ್ತವೆ: ನನಗೆ ಆಸಕ್ತಿ, ನನಗೆ ಬೇಸರ, ನನಗೆ ಆಶ್ಚರ್ಯ. ಇಂಗ್ಲಿಷಿನಲ್ಲಿ ಭಾವ ಅನುಭವಿಸುವವನೇ ಕರ್ತೃವಾಗಿ ಕೂರಬೇಕು, ಗುಣವಾಚಕ ಕೊನೆಯಲ್ಲಿ ಇ-ಡಿ ಇರುವ ರೂಪ ತಾಳಬೇಕು. ಭಾವ ಹುಟ್ಟಿಸುವ ವಸ್ತು ಕರ್ತೃವಾದರೆ ಐಎನ್‌ಜಿ. 'ಕ್ರಿಕೆಟ್ ಈಸ್ ಇಂಟರೆಸ್ಟಿಂಗ್ ಟು ಮಿ', 'ಐ ಆಮ್ ಇಂಟರೆಸ್ಟೆಡ್ ಇನ್ ಕ್ರಿಕೆಟ್'. ಹುಡುಗ ಬರೆದ ಪ್ರಕಾರ ಅವನೇ ಸ್ವಾರಸ್ಯಕರ ವ್ಯಕ್ತಿಯಾಗುತ್ತಾನೆ. ಇರಬಹುದು, ಆದರೆ ಟೀಚರ್ ಕೇಳಿದ್ದು ಅದಲ್ಲ. 'ಐ ಆಮ್ ಬೋರಿಂಗ್' ಎಂದರೆ ಪರಿಣಾಮ ಇನ್ನೂ ಕೆಟ್ಟದು.

ಇ-ಡಿ ರೂಪಗಳಿಗೆಲ್ಲ ಒಂದೇ ಪ್ರಿಪೊಸಿಷನ್ ಇಲ್ಲ. 'ಬೋರ್ಡ್ ವಿತ್', 'ಸ್ಯಾಟಿಸ್‌ಫೈಡ್ ವಿತ್', 'ಸರ್‌ಪ್ರೈಸ್ಡ್ ಆ್ಯಟ್' ಅಥವಾ 'ಬೈ', 'ಎಕ್ಸೈಟೆಡ್ ಅಬೌಟ್', 'ವರೀಡ್ ಅಬೌಟ್'. 'ಟಯರ್ಡ್'ಗೆ ಎರಡಿವೆ. ಸಾಕಾಗಿ ಹೋಗಿದೆ ಎಂದರೆ 'ಆಫ್', ಮೈ ದಣಿದಿದೆ ಎಂದರೆ 'ಫ್ರಮ್'. 'ಟಯರ್ಡ್ ಆಫ್ ವಾಕಿಂಗ್' ಎಂದವರಿಗೆ ನಡಿಗೆಯೇ ಬೇಡವಾಗಿದೆ. 'ಟಯರ್ಡ್ ಫ್ರಮ್ ವಾಕಿಂಗ್' ಎಂದವರು ಸ್ವಲ್ಪ ಕುಳಿತರೆ ಮತ್ತೆ ನಡೆದಾರು.

ಪ್ರಶ್ನೆ: ಮಗಳ ಶಾಲೆಗೆ ರಜೆ ಚೀಟಿ ಬರೆಯುವಾಗಲೆಲ್ಲ ಅನುಮಾನ. ಕಳೆದ ಸಲದ್ದು: 'ಮೈ ಡಾಟರ್ ವಾಸ್ ಆಬ್ಸೆಂಟ್ ಟು ಸ್ಕೂಲ್ ಬಿಕಾಸ್ ಶೀ ವಾಸ್ ಇಲ್ ಬೈ ಫೀವರ್. ಐ ವಾಸ್ ಬಿಜಿ ಇನ್ ಹಾಸ್ಪಿಟಲ್ ವರ್ಕ್, ಸಾರಿ ಫಾರ್ ಲೇಟ್ ಲೆಟರ್.' ತಿದ್ದಿಕೊಡಿ.
— ಗೃಹಿಣಿ, ಬೆಂಗಳೂರು

ಉತ್ತರ: ಇದೋ ತಿದ್ದಿದ ಚೀಟಿ: 'ಮೈ ಡಾಟರ್ ವಾಸ್ ಆಬ್ಸೆಂಟ್ ಫ್ರಮ್ ಸ್ಕೂಲ್ ಆನ್ ಮಂಡೇ ಆ್ಯಂಡ್ ಟ್ಯೂಸ್‌ಡೇ ಬಿಕಾಸ್ ಶೀ ವಾಸ್ ಡೌನ್ ವಿತ್ ಫೀವರ್. ಐ ವಾಸ್ ಬಿಜಿ ವಿತ್ ಹರ್ ಟ್ರೀಟ್‌ಮೆಂಟ್, ಆ್ಯಂಡ್ ಐ ಆಮ್ ಸಾರಿ ಫಾರ್ ಸೆಂಡಿಂಗ್ ದಿಸ್ ಲೆಟರ್ ಲೇಟ್.' ದಿನಗಳನ್ನು ನಾವು ಸೇರಿಸಿದ್ದೇವೆ, ಶಾಲೆಗೆ ಅದು ಬೇಕಾಗುತ್ತದೆ.

ಶಾಲೆಗೆ ಗೈರು ಎಂಬ 'ಗೆ' ನಿಮ್ಮಿಂದ 'ಟು' ಬರೆಸಿದೆ. ಗೈರು ಎಂದರೆ ಆ ಜಾಗದಿಂದ ದೂರ ಉಳಿದದ್ದು, ಆದ್ದರಿಂದ 'ಫ್ರಮ್'. ಕಾಯಿಲೆಗೆ 'ಇಲ್ ವಿತ್' ಅಥವಾ 'ಡೌನ್ ವಿತ್'. 'ಜ್ವರದಿಂದ' ಎಂಬುದು 'ಬೈ' ಆಗುವುದಿಲ್ಲ. 'ಬಿಜಿ' ನಂತರ 'ವಿತ್' ಮತ್ತು ನಾಮಪದ, ಇಲ್ಲವೇ ಏನೂ ಇಲ್ಲದೆ ನೇರವಾಗಿ ಐಎನ್‌ಜಿ: 'ಬಿಜಿ ಕುಕಿಂಗ್'. 'ಸಾರಿ ಫಾರ್' ನಂತರ ವ್ಯಕ್ತಿ ಬಂದರೆ ಅದು ಕ್ಷಮೆಯಲ್ಲ, ಮರುಕ. 'ಐ ಆಮ್ ಸಾರಿ ಫಾರ್ ದ ಟೀಚರ್' ಎಂದು ಬರೆದರೆ ಟೀಚರ್ ಪಾಡು ನೋಡಿ ಅಯ್ಯೋ ಎನಿಸಿದೆ ಎಂದಾದೀತು. ಮಗಳು ತಡವಾಗಿ ಹೋದ ದಿನಕ್ಕೆ 'ಲೇಟ್ ಫಾರ್ ಸ್ಕೂಲ್'. ಕೃತಜ್ಞತೆಯ ಸಾಲು ಸೇರಿಸುವುದಿದ್ದರೆ 'ಗ್ರೇಟ್‌ಫುಲ್' ನಂತರ ವ್ಯಕ್ತಿಗೆ 'ಟು', ಉಪಕಾರಕ್ಕೆ 'ಫಾರ್': 'ಐ ಆಮ್ ಗ್ರೇಟ್‌ಫುಲ್ ಟು ಯೂ ಫಾರ್ ಯುವರ್ ಹೆಲ್ಪ್'.

ಪ್ರಶ್ನೆ: 'ಅವೇರ್ ಅಬೌಟ್' ಎಂದು ಎಲ್ಲರೂ ಅನ್ನುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಅದು ತಪ್ಪೆಂದು ಓದಿದ ನೆನಪು. ಹಾಗಾದರೆ 'ಅವೇರ್ ಆಫ್ ದಟ್ ದ ಬ್ಯಾಂಕ್ ಈಸ್ ಕ್ಲೋಸ್ಡ್' ಎನ್ನಬೇಕೇ?
— ನಿವೃತ್ತ ನೌಕರರು, ಕಲಬುರಗಿ

ಉತ್ತರ: 'ಅವೇರ್ ಆಫ್' ಸರಿ. 'ಅಬೌಟ್' ನುಸುಳಿದ್ದಕ್ಕೆ ಕಾರಣ 'ಬಗ್ಗೆ' ಒಂದೇ ಅಲ್ಲ, ಅದರ ನಾಮಪದವೂ ಹೌದು. 'ಅವೇರ್‌ನೆಸ್ ಅಬೌಟ್ ಡೆಂಗಿ' ಎಂಬಂಥ ಬಳಕೆ ಒಪ್ಪಿತ, ಆ ಅಭ್ಯಾಸ ಗುಣವಾಚಕಕ್ಕೂ ಹಬ್ಬಿದೆ. ನಾಮಪದಕ್ಕೆ ಹೊಂದಿದ್ದು ಗುಣವಾಚಕಕ್ಕೆ ಹೊಂದಲೇಬೇಕೆಂದಿಲ್ಲ. 'ಪ್ರೌಡ್ ಆಫ್' ಎನ್ನುತ್ತೇವೆ, ಆದರೆ 'ಪ್ರೈಡ್ ಇನ್'. 'ಫಾಂಡ್ ಆಫ್', ಆದರೆ 'ಫಾಂಡ್‌ನೆಸ್ ಫಾರ್'.

ನಿಮ್ಮ ಎರಡನೆಯ ವಾಕ್ಯ ಮಾತ್ರ ಸರಿಯಲ್ಲ. 'ದಟ್' ಎಂದು ಶುರುವಾಗುವ ಉಪವಾಕ್ಯ ಬಂದರೆ ಪ್ರಿಪೊಸಿಷನ್ ಬಿದ್ದುಹೋಗುತ್ತದೆ: 'ಐ ಆಮ್ ಅವೇರ್ ದಟ್ ದ ಬ್ಯಾಂಕ್ ಈಸ್ ಕ್ಲೋಸ್ಡ್'. 'ಅಫ್ರೇಡ್ ದಟ್', 'ಪ್ರೌಡ್ ದಟ್', 'ಶೂರ್ ದಟ್' ಹೀಗೆಯೇ. 'ವಾಟ್', 'ಹೌ' ಮುಂತಾದವು ಬಂದರೆ ಉಳಿಯುತ್ತದೆ: 'ಅವೇರ್ ಆಫ್ ವಾಟ್ ಹ್ಯಾಪನ್ಡ್'. 'ಆಫ್' ಇಟ್ಟುಕೊಳ್ಳಲೇಬೇಕೆಂದರೆ ನಡುವೆ 'ದ ಫ್ಯಾಕ್ಟ್' ಸೇರಿಸಿ 'ಅವೇರ್ ಆಫ್ ದ ಫ್ಯಾಕ್ಟ್ ದಟ್' ಎನ್ನಬಹುದು, ಸರಕಾರಿ ಪತ್ರಗಳಿಗೆ ಅದು ಪ್ರಿಯ. ನಮ್ಮ ಸಲಹೆ ಕೇಳಿದರೆ ಮೂರು ಪದ ಉಳಿಸಿ.

ಪ್ರಶ್ನೆ: ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ನಮಗೆ ಕಲಿಸಿದ್ದರು. 'ವಾಟ್ ಆರ್ ಯೂ ಅಫ್ರೇಡ್ ಆಫ್?' ತಪ್ಪೇ?
— ಸ್ಪರ್ಧಾತ್ಮಕ ಪರೀಕ್ಷಾರ್ಥಿ, ವಿಜಯಪುರ

ಉತ್ತರ: ತಪ್ಪಲ್ಲ. 'ಆಫ್ ವಾಟ್ ಆರ್ ಯೂ ಅಫ್ರೇಡ್?' ಎಂದು ಕೇಳಿದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಎದುರಿಗಿದ್ದವರು ನಿಮ್ಮ ಮುಖ ನೋಡುತ್ತಾರೆ. ಕವಿ ಜಾನ್ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಸಾಲೊಂದರಲ್ಲಿ ಕೊನೆಗೆ ಬಂದ ಪ್ರಿಪೊಸಿಷನ್ನನ್ನು ದೋಷವೆಂದು ಎತ್ತಿ ಹೇಳಿದ್ದ. ಲ್ಯಾಟಿನ್ ವ್ಯಾಕರಣವನ್ನೇ ಮಾದರಿಯಾಗಿಟ್ಟುಕೊಂಡ ಮುಂದಿನವರು ಅದನ್ನು ನಿಯಮದಂತೆ ಬೆಳೆಸಿದರು. ಇಂಗ್ಲಿಷ್ ಆಡುವವರು ಅದಕ್ಕೆ ಮೊದಲೂ ನಂತರವೂ ಕೊನೆಯಲ್ಲೇ ಇಡುತ್ತ ಬಂದಿದ್ದಾರೆ.

ನಮ್ಮವರ ನಿಜವಾದ ತೊಂದರೆ ಬೇರೆ. ಪ್ರಶ್ನೆ ಕೇಳುವಾಗ ಪ್ರಿಪೊಸಿಷನ್ ಬಿಟ್ಟೇಬಿಡುತ್ತೇವೆ: 'ವಾಟ್ ಈಸ್ ಶೀ ಗುಡ್?' ಇಲ್ಲಿ 'ಆ್ಯಟ್' ಇಲ್ಲದಿದ್ದರೆ ವಾಕ್ಯ ಕುಂಟುತ್ತದೆ. ಇಲ್ಲವೇ ಎರಡೆರಡು ಸಲ ಹಾಕುತ್ತೇವೆ: 'ದಿಸ್ ಈಸ್ ದ ಟಾಪಿಕ್ ಇನ್ ವಿಚ್ ಐ ಆಮ್ ಇಂಟರೆಸ್ಟೆಡ್ ಇನ್'. ಮೊದಲೋ ಕೊನೆಯೋ, ಒಂದು ಕಡೆ ಮಾತ್ರ. ಒಂದು ಉಪಾಯ: ಮೊದಲು ಉತ್ತರವನ್ನು ಬರೆಯಿರಿ, 'ಬ್ಯಾಡಗಿ ಈಸ್ ಫೇಮಸ್ ಫಾರ್ ಚಿಲ್ಲೀಸ್'. ಮೆಣಸಿನಕಾಯಿ ತೆಗೆದು 'ವಾಟ್' ಮುಂದಕ್ಕೆ ತನ್ನಿ, 'ಫಾರ್' ಇದ್ದಲ್ಲೇ ಇರಲಿ: 'ವಾಟ್ ಈಸ್ ಬ್ಯಾಡಗಿ ಫೇಮಸ್ ಫಾರ್?' ಜೊತೆಗೆ ಇದನ್ನೂ ಗಮನಿಸಿ: ಚನ್ನಪಟ್ಟಣ ಮರದ ಬೊಂಬೆಗಳಿಗೆ 'ನೋನ್ ಫಾರ್', ಬೊಂಬೆಗಳ ಊರು ಎಂದು 'ನೋನ್ ಆ್ಯಸ್', ಕೊಳ್ಳುವವರಿಗೆಲ್ಲ 'ನೋನ್ ಟು'.

ಪ್ರಶ್ನೆ: ಇಷ್ಟೊಂದು ಜೋಡಿಗಳನ್ನು ನೆನಪಿಡುವುದು ಹೇಗೆ? ಪಟ್ಟಿ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆಯುತ್ತೆ.
— ಪಿಯುಸಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಅಕಾರಾದಿ ಪಟ್ಟಿ ಮರೆಯುವುದು ಸಹಜ, ಅದರಲ್ಲಿ ಪಕ್ಕಪಕ್ಕದ ಪದಗಳಿಗೆ ಏನೂ ಸಂಬಂಧವಿರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಪ್ರಿಪೊ‌ಸಿಷನ್‌ಗೊಂದು ಪುಟ ಇಡಿ. 'ಆಫ್' ಪುಟದಲ್ಲಿ ಭಯ, ಹೆಮ್ಮೆ, ನಾಚಿಕೆ, ಹೊಟ್ಟೆಕಿಚ್ಚು, ಅಕ್ಕರೆ ಎಲ್ಲ ಒಟ್ಟಿಗೆ ಕೂರುತ್ತವೆ: ಅಫ್ರೇಡ್, ಪ್ರೌಡ್, ಅಶೇಮ್ಡ್, ಜೆಲಸ್, ಫಾಂಡ್. 'ಫಾರ್' ಪುಟದಲ್ಲಿ ತಕ್ಕದ್ದು, ಅರ್ಹತೆ, ಹೊಣೆ: ಸೂಟಬಲ್, ಎಲಿಜಿಬಲ್, ರೆಸ್ಪಾನ್ಸಿಬಲ್. 'ಟು' ಪುಟದಲ್ಲಿ ಹೋಲಿಕೆ, ಸಂಬಂಧ: ಸಿಮಿಲರ್, ಈಕ್ವಲ್, ರಿಲೇಟೆಡ್. ಗುಣವಾಚಕವನ್ನು ಒಂಟಿಯಾಗಿ ಬರೆಯಬೇಡಿ, ಪ್ರಿಪೊಸಿಷನ್ ಮತ್ತು ಮುಂದಿನ ಪದ ಸೇರಿ ಒಂದೇ ಉಸಿರಿನಲ್ಲಿ ಹೇಳುವಂತೆ ಬರೆಯಿರಿ, 'ಎಲಿಜಿಬಲ್ ಫಾರ್ ದ ಸ್ಕಾಲರ್‌ಶಿಪ್' ಎಂದು. ಅರ್ಥ ಕೊಡುವ ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಗುಣವಾಚಕದ ಪಕ್ಕದಲ್ಲೇ ಅದರ ಪ್ರಿಪೊಸಿಷನ್ ಅಚ್ಚಾಗಿರುತ್ತದೆ, ಅದನ್ನು ನೋಡಿ. ಯಾವ ಪುಟಕ್ಕೂ ಸೇರದ 'ವರ್ತ್' ಎಂಬುದೊಂದಿದೆ, ಅದಕ್ಕೆ ಪ್ರಿಪೊಸಿಷನ್ನೇ ಬೇಡ: 'ವರ್ತ್ ರೀಡಿಂಗ್', 'ವರ್ತ್ 500 ರುಪೀಸ್'.

ಪ್ರಶ್ನೆ: 'ಅಫ್ರೇಡ್ ಆಫ್' ಎಂದು ಎರಡು ಎಫ್ ಹಾಕಿ ಬರೆದೆ, ಅಂಕ ಹೋಯಿತು. ಉಚ್ಚಾರ ಒಂದೇ ಅಲ್ಲವೇ?
— ಹತ್ತನೆಯ ತರಗತಿ, ಚಿಕ್ಕಮಗಳೂರು

ಉತ್ತರ: ಒಂದೇ ಅಲ್ಲ. ಒಂದು ಎಫ್‌ನದು ಮಾತಿನಲ್ಲಿ 'ಅವ್' ಎಂಬಂತೆ ಕೇಳಿಸುತ್ತದೆ, ಎರಡು ಎಫ್‌ನದು 'ಆಫ್'. ನಾವು ಎರಡನ್ನೂ ಒಂದೇ ರೀತಿ ಉಚ್ಚರಿಸುವುದರಿಂದ ಬರೆಯುವಾಗ ಕೈ ತಪ್ಪುತ್ತದೆ. ಹಿಂದೆ ಇವೆರಡೂ ಒಂದೇ ಪದವಾಗಿದ್ದವು ಎಂಬುದು ನಿಜ, ಆದರೆ ಅದನ್ನು ಹೇಳಿದರೆ ಅಂಕ ಮರಳಿ ಬರುವುದಿಲ್ಲ. ಈ ಪುಟಗಳಲ್ಲಿ ಬಂದ ಗುಣವಾಚಕಗಳಲ್ಲಿ ಒಂದಕ್ಕೂ ಎರಡು ಎಫ್‌ನದು ಬೇಡ.

ಪ್ರಶ್ನೆ: 'ಡಿಫರೆಂಟ್ ಫ್ರಮ್', 'ಡಿಫರೆಂಟ್ ಟು', 'ಡಿಫರೆಂಟ್ ದ್ಯಾನ್' ಮೂರನ್ನೂ ಓದಿದ್ದೇನೆ.
— ಓದುಗರು, ಮೈಸೂರು

ಉತ್ತರ: ಮೂರೂ ಬಳಕೆಯಲ್ಲಿವೆ. 'ಟು' ಬ್ರಿಟನ್ನಿನ ಮಾತಿನಲ್ಲಿ ಹೆಚ್ಚು, 'ದ್ಯಾನ್' ಅಮೆರಿಕದಲ್ಲಿ. 'ಫ್ರಮ್' ಎರಡು ಕಡೆಯೂ ಸಲ್ಲುತ್ತದೆ, ನಮ್ಮ ಪರೀಕ್ಷೆಗಳಲ್ಲೂ.

ಪ್ರಶ್ನೆ: 'ದ ಬಸ್ ವಾಸ್ ಫುಲ್ ವಿತ್ ಪೀಪಲ್' ಎಂದರೆ ಏನು ತಪ್ಪು? 'ಫಿಲ್ಡ್ ವಿತ್' ಇದೆಯಲ್ಲ?
— ಬಸ್ ನಿರ್ವಾಹಕರು, ಚಿತ್ರದುರ್ಗ

ಉತ್ತರ: 'ಫಿಲ್ಡ್'ಗೆ 'ವಿತ್', 'ಫುಲ್'ಗೆ 'ಆಫ್'. 'ಫಿಲ್ಡ್' ಎಂಬುದು ತುಂಬಿಸು ಎಂಬ ಕ್ರಿಯೆಯಿಂದ ಬಂದದ್ದು, ಯಾವುದರಿಂದ ತುಂಬಿತು ಎಂದು 'ವಿತ್' ಹೇಳುತ್ತದೆ. 'ಫುಲ್' ಬರೀ ಸ್ಥಿತಿ. 'ಪ್ಯಾಕ್ಡ್', 'ಕ್ರೌಡೆಡ್' ಎಂದರೆ ಮತ್ತೆ 'ವಿತ್': 'ದ ಬಸ್ ವಾಸ್ ಪ್ಯಾಕ್ಡ್ ವಿತ್ ಸ್ಟೂಡೆಂಟ್ಸ್'. ಚಿಲ್ಲರೆ ಸಾಲದೆ ಬಂದಾಗ 'ಐ ಆಮ್ ಶಾರ್ಟ್ ಆಫ್ ಚೇಂಜ್' ಎನ್ನಿ. ಅಲ್ಲಿ 'ವಿತ್' ಹಾಕಿ 'ಶಾರ್ಟ್ ವಿತ್' ಎಂದರೆ ಪ್ರಯಾಣಿಕರ ಮೇಲೆ ರೇಗಿದಿರಿ ಎಂದಾಗುತ್ತದೆ.